ಏಳು ದಿನದ ಬಳಗ

1946ರ ಬೇಸಿಗೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಎಂಬ ಊರಿನ ಶಿಕ್ಷಕರ ಕಾಲೇಜಿನಲ್ಲಿ ಒಂದು ತರಬೇತಿ ಶಿಬಿರ ನಡೆದಿತ್ತು. ಶಾಲಾ ಶಿಕ್ಷಕರು, ಸಮಾಜ ಕಾರ್ಯಕರ್ತರು ಮುಂತಾಗಿ ಸುಮಾರು ನಲವತ್ತು ಜನ ಬಂದಿದ್ದರು. ಬಣ್ಣದ ಹೆಸರಿನಲ್ಲಿ, ಧರ್ಮದ ಹೆಸರಿನಲ್ಲಿ ತಮ್ಮ ತಮ್ಮ ಊರುಗಳಲ್ಲಿ ನಡೆಯುವ ತಾರತಮ್ಯವನ್ನು ತಗ್ಗಿಸುವುದು ಹೇಗೆಂದು ಕಲಿಯುವುದು ಉದ್ದೇಶ. ಹಗಲೆಲ್ಲ ಸಣ್ಣ ಗುಂಪುಗಳಲ್ಲಿ ಚರ್ಚೆ. ಪ್ರತಿ ಗುಂಪಿನ ಮೂಲೆಯಲ್ಲಿ ಒಬ್ಬ ಸಂಶೋಧಕ ಕೂತು ಯಾರು ಮಾತಾಡಿದರು, ಯಾರು ಯಾರ ಮಾತಿಗೆ ಅಡ್ಡ ಬಂದರು, ಯಾರು ಸುಮ್ಮನಾದರು ಎಂದು ಬರೆದುಕೊಳ್ಳುತ್ತಿದ್ದ. ರಾತ್ರಿ ಸಂಶೋಧಕರೂ ತರಬೇತುದಾರರೂ ಸೇರಿ ಆ ಟಿಪ್ಪಣಿಗಳ ಮೇಲೆ ಮಾತಾಡುತ್ತಿದ್ದರು. ಶಿಬಿರಾರ್ಥಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇರಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಶಿಬಿರಾರ್ಥಿಗಳಲ್ಲಿ ಅನೇಕರು ಸಂಜೆಗೆ ಮನೆಗೆ ಹೋಗುತ್ತಿದ್ದರು. ಅಲ್ಲೇ ಉಳಿದವರಿಗೆ ಹೊತ್ತು ಹೋಗಬೇಕಲ್ಲ. ಒಂದು ರಾತ್ರಿ ಮೂವರು ಬಾಗಿಲಿಗೆ ಬಂದು, ನಾವೂ ಕೂತು ಕೇಳಬಹುದೇ ಎಂದರು. ಆಗುವುದಿಲ್ಲ ಎಂಬ ಉತ್ತರ ಬರುತ್ತದೆಂದು ತರಬೇತುದಾರರು ಕಾದರು. ಆದರೆ ಶಿಬಿರದ ಹಿರಿಯ, ಕರ್ಟ್ ಲೆವಿನ್, ಬನ್ನಿ ಕೂತುಕೊಳ್ಳಿ ಎಂದುಬಿಟ್ಟ. ಸ್ವಲ್ಪ ಹೊತ್ತಿಗೆ ಸಂಶೋಧಕನೊಬ್ಬ ಅಂದಿನ ಚರ್ಚೆಯ ಪ್ರಸಂಗವೊಂದನ್ನು ಓದತೊಡಗಿದ. ಅದರ ಮುಖ್ಯ ಪಾತ್ರ ಅಲ್ಲೇ ಕೂತಿದ್ದ ಹೆಂಗಸು. ಆಕೆ ನಡುವೆಯೇ ತಡೆದು, ನಡೆದದ್ದು ಹಾಗಲ್ಲವೇ ಅಲ್ಲ ಎಂದಳು. ವಾದ ಹತ್ತಿಕೊಂಡಿತು. ಲೆವಿನ್‌ಗೆ ಖುಷಿಯೋ ಖುಷಿ. ಒಂದೇ ಘಟನೆಗೆ ಈಗ ಎರಡು ವರದಿಗಳು ಸಿಕ್ಕಿದ್ದವು, ನೋಡಿದವನದೊಂದು, ಒಳಗಿದ್ದವಳದೊಂದು. ಮರುರಾತ್ರಿ ಅರ್ಧ ಶಿಬಿರವೇ ಬಂದು ಕೂತಿತು, ಆಮೇಲೆ ಎಲ್ಲರೂ. ಹಗಲಿನ ಪಾಠಕ್ಕಿಂತ ಈ ರಾತ್ರಿಯ ಕೂಟದಲ್ಲೇ ಜನ ಹೆಚ್ಚು ಕಲಿಯುತ್ತಿದ್ದಾರೆಂದು ಬಹುಬೇಗ ಎಲ್ಲರಿಗೂ ಅನ್ನಿಸತೊಡಗಿತು. ಇಂದು ಪ್ರತಿ ಕಂಪನಿಯ ತರಬೇತಿಯಲ್ಲೂ ಕೇಳಿ ಕೇಳಿ ಸವೆದಿರುವ ‘ಫೀಡ್‌ಬ್ಯಾಕ್’ ಎಂಬ ಆಚಾರ, ಎಂಜಿನಿಯರುಗಳ ಮೇಜಿನಿಂದ ಮನುಷ್ಯರ ಗುಂಪಿಗೆ ಇಳಿದು ಬಂದದ್ದು ಹೀಗೆ.

ಲೆವಿನ್ ಸಾಧಾರಣ ಆಸಾಮಿಯಲ್ಲ. 1890ರಲ್ಲಿ ಪ್ರಷ್ಯಾದ ಹಳ್ಳಿಯ ಯಹೂದಿ ಮನೆಯಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದವನು. ಹಿಟ್ಲರ್ ಬಂದ ವರ್ಷವೇ, 1933ರಲ್ಲಿ, ದೇಶ ಬಿಟ್ಟ. ತಾಯಿ ನಾತ್ಸಿಗಳ ಕೈಗೆ ಸಿಕ್ಕಿ ಸತ್ತಳು. ಒಳ್ಳೆಯವರೆನಿಸಿಕೊಂಡ ಜನ ಗುಂಪಿನಲ್ಲಿ ಸೇರಿದಾಗ ಏನೇನಾಗುತ್ತಾರೆ ಎಂಬ ಪ್ರಶ್ನೆ ಅವನಿಗೆ ಬರೀ ವಿದ್ವತ್ತಿನ ವಿಷಯವಾಗಿರಲಿಲ್ಲ.

ಎರಡನೇ ಮಹಾಯುದ್ಧದ ನಡುವೆ ಅವನು ಅಯೋವಾ ರಾಜ್ಯದಲ್ಲಿ ಮಾಡಿದ ಪ್ರಯೋಗವೊಂದನ್ನು ಇಲ್ಲಿ ಹೇಳಲೇಬೇಕು. ಒಳ್ಳೆಯ ಮಾಂಸವೆಲ್ಲ ಸೈನ್ಯಕ್ಕೆ ಹೋಗುತ್ತಿದ್ದ ಕಾಲ. ಮನೆಗಳಲ್ಲಿ ಹೃದಯ, ಮೂತ್ರಪಿಂಡ ಮುಂತಾದ ಭಾಗಗಳನ್ನೂ ಬೇಯಿಸಿ ಬಡಿಸಲಿ ಎಂಬುದು ಸರ್ಕಾರದ ಆಸೆ, ಗೃಹಿಣಿಯರಿಗೋ ಹೇವರಿಕೆ. ಲೆವಿನ್ ಕೆಲವು ಗುಂಪುಗಳಿಗೆ ಉಪನ್ಯಾಸ ಕೊಡಿಸಿದ. ಪೌಷ್ಟಿಕಾಂಶ, ದೇಶಭಕ್ತಿ, ಅಡುಗೆ ವಿಧಾನ ಎಲ್ಲವೂ ಅದರಲ್ಲಿತ್ತು. ಉಳಿದ ಗುಂಪುಗಳಿಗೆ ಅಷ್ಟೇ ಸಮಯದಲ್ಲಿ, ನಮ್ಮಂಥ ಗೃಹಿಣಿಯರು ಇದನ್ನು ಮಾಡಲು ಏನು ಅಡ್ಡಿ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಬಿಟ್ಟ. ಕೊನೆಗೆ, ಯಾರು ಮಾಡಿನೋಡುತ್ತೀರಿ, ಕೈಯೆತ್ತಿ ಎಂದು ಕೇಳಿಸಿದ. ಆಮೇಲೆ ವಿಚಾರಿಸಿದರೆ, ಉಪನ್ಯಾಸ ಕೇಳಿದವರಲ್ಲಿ ಹಿಂದೆಂದೂ ಮಾಡದ ಅಡುಗೆಯನ್ನು ಮಾಡಿದವರು ಶೇಕಡಾ 3. ಒಟ್ಟಿಗೆ ಮಾತಾಡಿ ಕೈಯೆತ್ತಿದವರಲ್ಲಿ ಶೇಕಡಾ 32. ಕೈಯೆತ್ತಿದ್ದರ ಪ್ರಭಾವ ಎಷ್ಟು, ಮಾತಿನ ಪ್ರಭಾವ ಎಷ್ಟು ಎಂದು ಆಮೇಲಿನ ಸಂಶೋಧಕರು ಜಗ್ಗಾಡಿದ್ದಾರೆ, ಇರಲಿ. ಸಂಪನ್ಮೂಲ ವ್ಯಕ್ತಿ ಒಂದೂವರೆ ಗಂಟೆ ಮೈಕು ಹಿಡಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿರುವುದಕ್ಕೆ ಇದೊಂದು ಹಳೆಯ ಪುರಾವೆ.

ನ್ಯೂ ಬ್ರಿಟನ್‌ನ ರಾತ್ರಿಗಳಿಂದ ಕಲಿತದ್ದನ್ನು ದೊಡ್ಡದಾಗಿ ಮಾಡಿನೋಡಬೇಕೆಂದು ಯೋಜನೆ ಸಿದ್ಧವಾಯಿತು. ಆದರೆ 1947ರ ಫೆಬ್ರವರಿಯಲ್ಲಿ ಲೆವಿನ್ ಹೃದಯಾಘಾತದಿಂದ ತೀರಿಕೊಂಡ. ಅವನ ಜೊತೆಗಾರರಾದ ಲೆಲ್ಯಾಂಡ್ ಬ್ರಾಡ್‌ಫರ್ಡ್, ಕೆನೆತ್ ಬೆನ್, ರೊನಾಲ್ಡ್ ಲಿಪ್ಪಿಟ್ ಅದೇ ಬೇಸಿಗೆಯಲ್ಲಿ ಮೇನ್ ರಾಜ್ಯದ ಬೆಥೆಲ್ ಎಂಬ ಬೆಟ್ಟದೂರಿನಲ್ಲಿ, ರಜೆಗೆ ಖಾಲಿಯಾಗಿದ್ದ ವಸತಿ ಶಾಲೆಯೊಂದರಲ್ಲಿ ಶಿಬಿರ ಹೂಡಿದರು. ಊರು ದೂರ ಎಂಬುದೇ ಅದರ ಅರ್ಹತೆಯಾಗಿತ್ತು. ಮನೆ, ಕಚೇರಿ, ಹುದ್ದೆ ಯಾವುದರ ನೆರಳೂ ಬೀಳದ ಜಾಗವನ್ನು ಅವರು ಸಾಂಸ್ಕೃತಿಕ ದ್ವೀಪ ಎಂದು ಕರೆದರು. ಅಲ್ಲಿ ಹತ್ತು-ಹನ್ನೆರಡು ಅಪರಿಚಿತರನ್ನು ಒಂದು ಕೋಣೆಯಲ್ಲಿ ಕೂರಿಸುತ್ತಿದ್ದರು. ತರಬೇತುದಾರ ಬಂದು ಕೂತು, ನಾನು ಈ ಗುಂಪನ್ನು ನಡೆಸುವುದಿಲ್ಲ, ವಿಷಯವನ್ನೂ ಕೊಡುವುದಿಲ್ಲ ಎಂದು ಹೇಳಿ ಸುಮ್ಮನಾಗುತ್ತಿದ್ದ. ಮೊದಲು ಮೌನ, ಆಮೇಲೆ ಸಿಡಿಮಿಡಿ. ಯಾರೋ ಒಬ್ಬರು ಅಧ್ಯಕ್ಷರನ್ನು ಆರಿಸೋಣ ಎನ್ನುತ್ತಾರೆ, ಇನ್ನೊಬ್ಬರಿಗೆ ಅದು ಒಪ್ಪಿಗೆಯಿಲ್ಲ. ಈ ಕಿತ್ತಾಟವೇ ಪಾಠದ ವಸ್ತು. ತರಬೇತಿ ಗುಂಪು ಎಂಬ ಈ ಪದ್ಧತಿ ಮುಂದೆ ಜಗತ್ತಿನ ಮೂಲೆಮೂಲೆಗೆ ಹಬ್ಬಿತು. ನಮ್ಮ ಬ್ಯಾಂಕು, ಕಾರ್ಖಾನೆ, ಸ್ವಯಂಸೇವಾ ಸಂಸ್ಥೆಗಳ ತರಬೇತಿಗಳಲ್ಲಿ ಆಡಿಸುವ ಆಟಗಳ ವಂಶವೃಕ್ಷವನ್ನು ಕೆದಕುತ್ತ ಹೋದರೆ ಬೇರು ಬಹುಮಟ್ಟಿಗೆ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಇಂಥ ಶಿಬಿರದಿಂದ ಬಂದವರನ್ನು ಮಾತಾಡಿಸಿ ನೋಡಿ. ಎನ್ನೆಸ್ಸೆಸ್‌ನ ಏಳು ದಿನದ ವಿಶೇಷ ಶಿಬಿರ, ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರ, ಹೊಸ ಅಧಿಕಾರಿಗಳ ಬುನಾದಿ ತರಬೇತಿ, ಯಾವುದಾದರೂ ಆಗಬಹುದು. ಏನು ಕಲಿತಿರಿ ಎಂದರೆ ಒಂದೆರಡು ಮಾತು. ಯಾರು ಯಾರಿದ್ದರು ಎಂದರೆ ಅರ್ಧ ಗಂಟೆ. ಮೊದಲ ದಿನ ಬ್ಯಾಗನ್ನು ಎದೆಗವಚಿಕೊಂಡು ಗೋಡೆಬದಿಯ ಕುರ್ಚಿ ಹುಡುಕಿದವರು ಕೊನೆಯ ದಿನ ಬಸ್ಸಿನ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಏಳು ದಿನದಲ್ಲಿ ಇದು ಹೇಗಾಯಿತು? ಇಷ್ಟು ವೇಗವಾಗಿ ನಂಟು ಬೆಳೆಯಿತೆಂದರೆ ಕಲಿಕೆಯೂ ಅಷ್ಟೇ ವೇಗವಾಗಿ ಆಗಿರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಅಲ್ಲೇ ಎಡವುವುದು. ನಂಟಿಗೂ ನೆನಪಿಗೂ ಗಡಿಯಾರಗಳು ಬೇರೆ. ಒಂದಕ್ಕೆ ಬಿಡುವೇ ಇರಬಾರದು, ಇನ್ನೊಂದಕ್ಕೆ ಬಿಡುವಿಲ್ಲದೆ ನಡೆಯುವುದಿಲ್ಲ.

ನಂಟಿನದನ್ನು ಮೊದಲು ನೋಡೋಣ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಹೊಸ ಊರಿಗೆ ಬಂದು ನೆಲೆಸಿದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ವಿಚಾರಿಸಿ 2018ರಲ್ಲಿ ಒಂದು ಅಂದಾಜು ಕೊಟ್ಟರು. ಬರಿಯ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು. ಗೆಳೆಯ ಎಂದೇ ಕರೆಯಲು 90 ಗಂಟೆ. ಆಪ್ತ ಎನ್ನಲು 200 ದಾಟಬೇಕು. ಜನ ತಾವೇ ಹೇಳಿದ ಲೆಕ್ಕ ಇದು, ಗಡಿಯಾರ ಹಿಡಿದು ಅಳೆದದ್ದಲ್ಲ. ಆದರೂ ಶಿಬಿರಕ್ಕೆ ಅನ್ವಯಿಸಿದರೆ ಕುತೂಹಲ ಹುಟ್ಟುತ್ತದೆ. ಬೆಳಗಿನ ಕಾಫಿಯಿಂದ ರಾತ್ರಿ ದೀಪ ಆರಿಸುವವರೆಗೆ ದಿನಕ್ಕೆ ಹದಿನಾಲ್ಕು ಗಂಟೆ ಜೊತೆಯಲ್ಲಿದ್ದರೆ ನಾಲ್ಕನೇ ದಿನವೇ 50 ದಾಟುತ್ತದೆ, ಏಳನೇ ದಿನಕ್ಕೆ 98. ಪಕ್ಕದ ಬೀದಿಯವರೊಂದಿಗೆ ವಾರಕ್ಕೊಂದು ಗಂಟೆ ಮಾತಾಡಿ ಇದೇ ಲೆಕ್ಕ ಮುಟ್ಟಲು ಎರಡು ವರ್ಷ ಬೇಕು. ಹಾಲ್ ಇನ್ನೊಂದನ್ನೂ ಗಮನಿಸಿದ್ದರು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ನಂಟಿಗೆ ಅಷ್ಟಾಗಿ ಒದಗುವುದಿಲ್ಲ, ಸುಮ್ಮನೆ ಹರಟಿದ ಗಂಟೆಗಳು ಒದಗುತ್ತವೆ. ಒಂದೇ ಕಚೇರಿಯಲ್ಲಿ ಹತ್ತು ವರ್ಷ ಎದುರುಬದುರು ಕೂತವರು ಅಪರಿಚಿತರಾಗಿಯೇ ಉಳಿಯುವ ಸೋಜಿಗಕ್ಕೆ ಇದು ಸ್ವಲ್ಪ ಮಟ್ಟಿಗೆ ಉತ್ತರವಾದೀತು.

ಹಾಗಾದರೆ ಯಾರು ಯಾರಿಗೆ ಗೆಳೆಯರಾಗುತ್ತಾರೆ? ಒಂದೇ ಅಭಿರುಚಿ, ಒಂದೇ ಸ್ವಭಾವ ಎಂದು ನಾವೆಲ್ಲ ಹೇಳುತ್ತೇವೆ. ಸಮಾಜಶಾಸ್ತ್ರಜ್ಞೆ ಮೇಡಿ ಸೀಗಲ್ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪೊಲೀಸ್ ತರಬೇತಿ ಅಕಾಡೆಮಿಗೆ ಹೋಗಿ ಇದನ್ನು ಪರೀಕ್ಷಿಸಿದರು. ತರಬೇತಿಗೆ ಸೇರಿದವರನ್ನು, ನಿನ್ನ ಆಪ್ತರು ಯಾರು, ಹೆಸರು ಕೊಡು ಎಂದು ಕೇಳಿದರು. ವಯಸ್ಸು, ಧರ್ಮ, ಹವ್ಯಾಸ ಇವೆಲ್ಲ ಹೊಂದುತ್ತವೆಯೇ ಎಂದು ನೋಡಿದರು. ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಅಡ್ಡಹೆಸರಿನ ಮೊದಲಕ್ಷರ! ಅಕಾಡೆಮಿಯಲ್ಲಿ ಕೋಣೆಯನ್ನೂ ತರಗತಿಯ ಕುರ್ಚಿಯನ್ನೂ ಅಕಾರಾದಿಯಾಗಿ ಹಂಚಿದ್ದರು. ಪಟ್ಟಿಯಲ್ಲಿ ಹತ್ತಿರವಿದ್ದವರು ಕೋಣೆಯಲ್ಲೂ ಹತ್ತಿರ, ಕುರ್ಚಿಯಲ್ಲೂ ಹತ್ತಿರ, ಕೊನೆಗೆ ಮನಸ್ಸಿಗೂ ಹತ್ತಿರ. 1974ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗೆಲ್ಲ ನನಗೆ ನಮ್ಮ ಹಾಜರಿ ಪುಸ್ತಕಗಳು ನೆನಪಾಗುತ್ತವೆ. ನಲವತ್ತು ಜನರಲ್ಲಿ ಮೂವರು ಮಂಜುನಾಥರಿರುತ್ತಾರೆ. ಒಬ್ಬನನ್ನು ಕರೆದರೆ ಮೂವರೂ ತಿರುಗುತ್ತಾರೆ. ಆ ಮೂವರ ಗೆಳೆತನಕ್ಕೆ ಯಾವ ವಿಜ್ಞಾನವೂ ಬೇಕಿಲ್ಲ.

ಇದಕ್ಕೂ ಮೊದಲು, 1950ರಲ್ಲಿ, ಲೆವಿನ್‌ನ ಶಿಷ್ಯ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಎಂಐಟಿ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಇದನ್ನೇ ಕಂಡಿದ್ದರು. ಒಂದೇ ಮಹಡಿಯ ಪಕ್ಕದ ಬಾಗಿಲಿನವರನ್ನು ಸ್ನೇಹಿತರೆಂದು ಹೇಳುವ ಸಂಭವ ಶೇಕಡಾ 41, ಅದೇ ಮಹಡಿಯ ಆಚೆ ತುದಿಯವರನ್ನು ಹೇಳುವುದು ಶೇಕಡಾ 10. ನಡುವಿನ ಅಂತರ ನಲವತ್ತು ಹೆಜ್ಜೆಯೂ ಇರಲಿಲ್ಲ. ಶಿಬಿರ ಸಂಘಟಿಸುವವರಿಗೆ ಇದರಲ್ಲಿ ನೇರವಾದ ಉಪಯೋಗವಿದೆ. ಬಂದವರಿಗೆ ಬೇಕಾದಲ್ಲಿ ಕೂರಲು ಬಿಟ್ಟರೆ ಒಂದೇ ತಾಲ್ಲೂಕಿನವರು ಒಂದೇ ಬೆಂಚು ಹಿಡಿಯುತ್ತಾರೆ. ಚೀಟಿ ಎತ್ತಿಸಿ ಕೋಣೆ ಹಂಚಿದರೆ ಮೊದಲ ದಿನ ಗೊಣಗಾಟ, ಮೂರನೇ ದಿನಕ್ಕೆ ಅದೇ ಬಳಗ.

ನಮ್ಮಲ್ಲಿ ಗೊಣಗಾಟಕ್ಕೆ ಬೇರೆ ಕಾರಣವೂ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಿಮ್ಮದು ಯಾವ ಊರು, ಅಲ್ಲಿ ಯಾರ ಪೈಕಿ, ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಪರಿಚಯದ ಮೊದಲ ಹತ್ತು ನಿಮಿಷದಲ್ಲಿ ನಡೆಯುವ ತನಿಖೆ ಜಾತಿಯನ್ನು ಮುಟ್ಟಿಯೇ ನಿಲ್ಲುತ್ತದೆ. ಒಟ್ಟಿಗಿದ್ದ ಮಾತ್ರಕ್ಕೆ ಇದು ಕರಗುತ್ತದೆಯೇ? ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಷರತ್ತು ಹಾಕಿದ್ದರು. ಸ್ಥಾನ ಸಮವಾಗಿರಬೇಕು, ಗುರಿ ಒಂದಾಗಿರಬೇಕು, ಅದನ್ನು ಕೂಡಿ ದುಡಿದೇ ಮುಟ್ಟುವಂತಿರಬೇಕು, ಮೇಲಿನವರ ಬೆಂಬಲವಿರಬೇಕು. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಇದನ್ನು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಮೂಲಕ ಪರೀಕ್ಷಿಸಿದರು. ಬೇರೆ ಬೇರೆ ಜಾತಿಗಳ 1,261 ಯುವಕರ ಅಧ್ಯಯನ ಅದು. ಆಡಲು ಆಯ್ಕೆಯಾದವರಲ್ಲಿ ಕೆಲವರಿಗೆ ಚೀಟಿಯಲ್ಲಿ ಮಿಶ್ರ ತಂಡ ಬಂತು, ಕೆಲವರಿಗೆ ತಮ್ಮ ಜಾತಿಯದೇ ತಂಡ. 2021ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಅದು ತಗ್ಗುವ ಕಡೆಗೇ ವಾಲಿತು. ಮೈದಾನವೂ ಅದೇ, ಚೆಂಡೂ ಅದೇ, ಯಾವ ಬದಿಗೆ ನಿಂತರೆಂಬುದೇ ವ್ಯತ್ಯಾಸ. ಶಿಬಿರಗಳಲ್ಲಿ ಗುಂಪು ಗುಂಪಿನ ನಡುವೆ ಸ್ಪರ್ಧೆ ಇಟ್ಟು ಬಹುಮಾನ ಕೊಡುವವರು ಮೊದಲು ಗುಂಪುಗಳನ್ನು ಚೆನ್ನಾಗಿ ಕಲಸಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಹಾಡಿನ ವಿಷಯ. ಶಿಬಿರವೆಂದರೆ ಬೆಳಗ್ಗೆ ಒಂದು ಹಾಡು ಇದ್ದೇ ಇರುತ್ತದೆ, ಗಂಟಲು ಯಾರದಾದರೂ ಆಗಲಿ. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಅವರ ತಂಡ ವಯಸ್ಕರ ಸಂಜೆ ತರಗತಿಗಳನ್ನು ಏಳು ತಿಂಗಳು ಹಿಂಬಾಲಿಸಿತು. ಕೆಲವು ಹಾಡಿನ ತರಗತಿಗಳು, ಕೆಲವು ಕರಕುಶಲದವು, ಕೆಲವು ಕತೆ ಬರೆಯುವವು. ಏಳು ತಿಂಗಳ ಕೊನೆಗೆ ಎಲ್ಲ ತರಗತಿಗಳಲ್ಲೂ ಆತ್ಮೀಯತೆ ಒಂದೇ ಮಟ್ಟಕ್ಕೆ ಬಂದಿತ್ತು. ಆದರೆ ಹಾಡುವವರು ಮೊದಲ ತಿಂಗಳಲ್ಲೇ ಮುಂದಿದ್ದರು. ಅಂದರೆ ಹಾಡು ಹೆಚ್ಚು ಆತ್ಮೀಯತೆಯನ್ನೇನೂ ತರುವುದಿಲ್ಲ, ಬೇಗ ತರುತ್ತದೆ. ಏಳು ತಿಂಗಳು ಇದ್ದವರಿಗೆ ಅದರಿಂದ ಲಾಭವಿಲ್ಲ, ಏಳೇ ದಿನ ಇರುವವರಿಗೆ ಅದೇ ಲಾಭ. ಇದೇ ಆಕ್ಸ್‌ಫರ್ಡ್‌ನಲ್ಲಿ ದೋಣಿ ಹುಟ್ಟುಹಾಕುವ ತಂಡದವರನ್ನು 2010ರಲ್ಲಿ ಪರೀಕ್ಷಿಸಿದಾಗ, ಒಬ್ಬೊಬ್ಬರೇ ಯಂತ್ರದ ಮೇಲೆ ಹುಟ್ಟು ಎಳೆದಾಗಿನದಕ್ಕಿಂತ ಒಟ್ಟಿಗೆ ಒಂದೇ ಲಯದಲ್ಲಿ ಎಳೆದಾಗ ಅವರ ನೋವು ತಾಳುವ ಶಕ್ತಿ ಹೆಚ್ಚಿತ್ತು. ಮೆದುಳಿನಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಹೆಚ್ಚು ಸ್ರವಿಸಿರಬೇಕೆಂಬುದು ಸಂಶೋಧಕರ ಊಹೆ. ನೇರವಾಗಿ ಅಳೆದಿಲ್ಲ. ಆದರೂ ಶ್ರಮದಾನದಲ್ಲಿ ಸಾಲಾಗಿ ನಿಂತು ಬಾಂಡ್ಲಿ ದಾಟಿಸಿದವರಿಗೆ ಈ ಊಹೆಯನ್ನು ಒಪ್ಪಲು ಕಷ್ಟವಾಗದು.

ಮನೆಯವರಿಗೂ ಹೇಳದ ಮಾತನ್ನು ಮೂರು ದಿನದ ಪರಿಚಯದವರಿಗೆ ಹೇಳಿಬಿಡುವುದು ಶಿಬಿರಗಳ ಇನ್ನೊಂದು ವಿಚಿತ್ರ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮೆಲ್ 1908ರಲ್ಲೇ ಇದನ್ನು ಗುರುತಿಸಿದ್ದ. ಹೊರಗಿನಿಂದ ಬಂದ ಪರಕೀಯನಿಗೆ ಜನ ಒಳಗಿನದನ್ನು ತೋಡಿಕೊಳ್ಳುತ್ತಾರೆ, ಏಕೆಂದರೆ ಅವನು ನಮ್ಮ ಬದುಕಿನ ಜಾಲದಲ್ಲಿಲ್ಲ, ಹೇಳಿದ್ದು ಸುತ್ತಿ ಬಂದು ನಮ್ಮನ್ನೇ ಕಚ್ಚುವ ಭಯವಿಲ್ಲ. ಒಬ್ಬರು ಸ್ವಲ್ಪ ಬಿಚ್ಚಿಕೊಂಡರೆ ಎದುರಿನವರೂ ಅಷ್ಟೇ ಬಿಚ್ಚಿಕೊಳ್ಳುತ್ತಾರೆ. ಆರ್ಥರ್ ಆರನ್ 1997ರಲ್ಲಿ ಹಂತಹಂತವಾಗಿ ಆಳಕ್ಕಿಳಿಯುವ 36 ಪ್ರಶ್ನೆಗಳನ್ನು ಕೊಟ್ಟು, ಮುಕ್ಕಾಲು ಗಂಟೆಯಲ್ಲಿ ಅಪರಿಚಿತ ಜೋಡಿಗಳಲ್ಲಿ ನಿಕಟತೆ ಮೂಡಿಸಿ ತೋರಿಸಿದ್ದು ಇದೇ ಸೂತ್ರದ ಮೇಲೆ.

ಇಷ್ಟಾದರೂ ಮನಸ್ಸು ಒಂದು ಕಡೆ ಮೋಸ ಮಾಡುತ್ತದೆ. ಎರಿಕಾ ಬೂತ್‌ಬಿ ಮತ್ತು ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸಲ ಮಾತಾಡಿದ ಅಪರಿಚಿತರನ್ನು ಬೇರೆ ಬೇರೆಯಾಗಿ ಕೇಳಿದರು: ನಿಮಗೆ ಅವರು ಎಷ್ಟು ಹಿಡಿಸಿದರು, ಅವರಿಗೆ ನೀವು ಎಷ್ಟು ಹಿಡಿಸಿರಬಹುದು? ಎರಡನೆಯ ಉತ್ತರ ಸಾಮಾನ್ಯವಾಗಿ ವಾಸ್ತವಕ್ಕಿಂತ ಕಡಿಮೆ. ಪ್ರಯೋಗಾಲಯದಲ್ಲಷ್ಟೇ ಅಲ್ಲ, ವ್ಯಕ್ತಿತ್ವ ವಿಕಸನದ ಕಾರ್ಯಾಗಾರವೊಂದರಲ್ಲೂ ಹೀಗೇ ಕಂಡಿತು. ಒಂದೇ ವಸತಿಯ ಕಾಲೇಜು ವಿದ್ಯಾರ್ಥಿಗಳಲ್ಲಂತೂ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು, ಅವರ ಪಕ್ಕ ಕೂತರೆ ಏನಂದುಕೊಳ್ಳುತ್ತಾರೋ ಎಂದು ಅನುಮಾನಿಸುತ್ತಿರುವವರು, ಎದುರಿನವರೂ ಅದನ್ನೇ ಅನುಮಾನಿಸುತ್ತಿದ್ದಾರೆಂದು ತಿಳಿದರೆ ಸಾಕು.

ಇನ್ನು ನೆನಪು. ಇದರ ಲೆಕ್ಕ 1885ರಷ್ಟು ಹಳೆಯದು. ಹರ್ಮನ್ ಎಬಿಂಗ್‌ಹೌಸ್ ಎಂಬ ಹಟವಾದಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು ಪರೀಕ್ಷಿಸಿಕೊಂಡ. ಹನ್ನೆರಡು ಗುಚ್ಛಗಳ ಒಂದು ಸಾಲನ್ನು ಒಂದೇ ದಿನ 68 ಸಲ ಓದಿ ಪಡೆದ ಫಲ, ಮೂರು ದಿನಕ್ಕೆ ಹಂಚಿಕೊಂಡಾಗ 38 ಸಲಕ್ಕೇ ಸಿಕ್ಕಿತು. ನಡುವೆ ಬಿಡುವು ಸಿಕ್ಕಾಗ ಸ್ವಲ್ಪ ಮರೆವು ಕವಿಯುತ್ತದೆ. ಮರೆತದ್ದನ್ನು ಮತ್ತೆ ತಡಕಿ ತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ಜೊತೆಗೆ ನಿದ್ದೆಯ ಕೆಲಸವೂ ಇದೆ. ಹಗಲು ಓಡಾಡಿದ ದಾರಿಯಲ್ಲಿ ಮಿಂಚಿದ, ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಕೋಶಗಳೇ ಇಲಿ ಮಲಗಿದಾಗ ಮತ್ತೆ ಕೂಡಿ ಮಿಂಚುವುದನ್ನು ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ಹಗಲಿನ ಅನುಭವ ರಾತ್ರಿ ಮರುಪಾಠವಾಗುತ್ತದೆ ಎನ್ನಬಹುದು. ಹಾಗೆ ನೋಡಿದರೆ ಏಳು ದಿನದ ವಸತಿ ಶಿಬಿರ ಒಂದು ದಿನದ ಕಾರ್ಯಾಗಾರಕ್ಕಿಂತ ಎಷ್ಟೋ ಮೇಲು, ನಡುವೆ ಆರು ರಾತ್ರಿಗಳಾದರೂ ಸಿಗುತ್ತವೆ. ತೊಡಕೆಂದರೆ, ನಂಟು ಹೆಚ್ಚು ಬೆಳೆಯುವುದೂ ಅದೇ ರಾತ್ರಿಗಳಲ್ಲಿ. ಹನ್ನೊಂದಕ್ಕೆ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಹರಟೆ ಹತ್ತುತ್ತದಲ್ಲ, ಅದು ಗೆಳೆತನಕ್ಕೆ ಚಿನ್ನದಂಥ ಸಮಯ, ನೆನಪಿನ ಪಾಲಿಗೆ ಕಳ್ಳತನ. ಬೆಳಗ್ಗೆ ಆರಕ್ಕೆ ಗಂಟೆ ಹೊಡೆದು, ಒಂಬತ್ತಕ್ಕೆ ಮೊದಲ ಅವಧಿ ಶುರುವಾದಾಗ ಹಿಂದಿನ ಸಾಲು ತೂಕಡಿಸುವುದನ್ನು ಅಶಿಸ್ತು ಎಂದು ಬಯ್ಯುವ ಸಂಚಾಲಕರು ಈ ಲೆಕ್ಕವನ್ನೂ ಹಾಕಬೇಕು.

ಎಬಿಂಗ್‌ಹೌಸ್‌ನದು ಒಬ್ಬನೇ ಮಾಡಿದ ಪ್ರಯೋಗ. ಬದುಕಿಗೆ ಹತ್ತಿರದ ಪುರಾವೆ ಬ್ರಿಟನ್ನಿನ ಅಂಚೆ ಇಲಾಖೆಯಿಂದ ಬಂತು. ಅಲ್ಲಿ ಪಿನ್‌ಕೋಡ್‌ನಂಥ ಅಂಚೆ ಸಂಕೇತಗಳು ಬಂದಾಗ, ಪತ್ರ ವಿಂಗಡಿಸುವ ಯಂತ್ರಗಳಿಗಾಗಿ ಸಾವಿರಾರು ಅಂಚೆ ನೌಕರರು ಟೈಪಿಂಗ್ ಕಲಿಯಬೇಕಾಯಿತು. ಅವರಲ್ಲಿ ಕೆಲವರನ್ನು ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ. ಇನ್ನೊಂದು ತುದಿಯ ಗುಂಪಿಗೆ ದಿನಕ್ಕೆ ಎರಡೆರಡು ಗಂಟೆಯ ಎರಡು ಅವಧಿ, ಅಂದರೆ ನಾಲ್ಕು ಗಂಟೆ. ಕೀಲಿಮಣೆಯ ಅಕ್ಷರಗಳು ಕೈಗೆ ಹತ್ತಲು ಒಂದು ಗಂಟೆಯವರಿಗೆ ಹಿಡಿದದ್ದು ಒಟ್ಟು ಸುಮಾರು 35 ಗಂಟೆ, ನಾಲ್ಕು ಗಂಟೆಯವರಿಗೆ ಸುಮಾರು 50. ಹಂಚಿಕೊಂಡು ಕಲಿಯುವುದೇ ಅಗ್ಗ. ಆದರೆ 1978ರ ಆ ವರದಿಯಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ. ನಿಮಗೆ ಕೊಟ್ಟ ಕ್ರಮ ತೃಪ್ತಿ ತಂದಿತೇ ಎಂದು ಕೇಳಿದಾಗ, ಅತಿ ಕಡಿಮೆ ತೃಪ್ತಿ ಕಂಡದ್ದು ಚೆನ್ನಾಗಿ ಕಲಿತ ಒಂದು ಗಂಟೆಯವರಲ್ಲೇ! ವಾರಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಿದ್ದೇವೆಂದು ಅವರಿಗೆ ಅನ್ನಿಸಿತ್ತು. ಬೇಗ ಮುಗಿಸಿದವರು ಸಂತೋಷವಾಗಿದ್ದರು.

ಬೆರಳಿಗೆ ಸರಿ, ವೈದ್ಯರಿಗೆ? ಟೊರಾಂಟೊದಲ್ಲಿ 38 ಕಿರಿಯ ಶಸ್ತ್ರವೈದ್ಯರಿಗೆ ಅತಿ ಸಣ್ಣ ರಕ್ತನಾಳಗಳನ್ನು ಜೋಡಿಸಿ ಹೊಲಿಯುವುದನ್ನು ಕಲಿಸಿದರು. ಅರ್ಧದಷ್ಟು ಜನರಿಗೆ ನಾಲ್ಕು ಪಾಠಗಳೂ ಒಂದೇ ದಿನ, ಉಳಿದವರಿಗೆ ವಾರಕ್ಕೊಂದು. ಒಂದು ತಿಂಗಳ ಬಳಿಕ ಪರೀಕ್ಷೆ ಇಟ್ಟರೆ ವಾರಕ್ಕೊಂದರಂತೆ ಕಲಿತವರ ಕೈಯೇ ಮೇಲು. 2006ರ ಅಧ್ಯಯನ ಇದು. ಆದರೂ ಒಂದು ದಿನದ ಕಾರ್ಯಾಗಾರಗಳು ಜಗತ್ತಿನಾದ್ಯಂತ ನಡೆಯುತ್ತಲೇ ಇವೆ. ಸಭಾಂಗಣದ ಬಾಡಿಗೆ, ಊಟದ ಗುತ್ತಿಗೆ, ರಜೆಯ ಮಂಜೂರಾತಿ ಇವೆಲ್ಲ ಒಂದೇ ದಿನಕ್ಕೆ ಸಲೀಸು.

ಕಷ್ಟಪಟ್ಟಷ್ಟೂ ಒಳ್ಳೆಯದೆನಿಸುವುದು ಇನ್ನೊಂದು ಮರುಳು. 1959ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಯುವತಿಯರನ್ನು ಒಂದು ಚರ್ಚಾಕೂಟಕ್ಕೆ ಸೇರಿಸಿಕೊಳ್ಳುವ ಮುನ್ನ ಕೆಲವರಿಗೆ ತೀರ ಮುಜುಗರದ ಪರೀಕ್ಷೆ ಒಡ್ಡಿದರು. ಆಮೇಲೆ ಕೇಳಿಸಿದ ಚರ್ಚೆ ಬೇಕೆಂದೇ ಸಿದ್ಧಪಡಿಸಿದ ನೀರಸ ಹರಟೆ. ಮುಜುಗರ ಅನುಭವಿಸಿದವರು ಅದನ್ನೇ ಸೊಗಸಾಗಿದೆ ಎಂದರು. ಕೊಟ್ಟ ಬೆಲೆಗೆ ತಕ್ಕ ಮಾಲು ಸಿಕ್ಕಿದೆಯೆಂದು ಮನಸ್ಸು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತದೆ. ಹಳ್ಳಿಶಾಲೆಯ ನೆಲದ ಮೇಲೆ ಜಮಖಾನೆ ಹಾಸಿ ಸೊಳ್ಳೆ ಹೊಡೆಯುತ್ತ ಕಳೆದ ರಾತ್ರಿಗಳು ನೆನಪಿನಲ್ಲಿ ಯಾಕೆ ಅಷ್ಟು ಸಿಹಿಯಾಗುತ್ತವೆ ಎಂಬುದಕ್ಕೆ ಇದೊಂದು ವಿವರಣೆ.

ಸಮಾರೋಪದ ದಿನ ಹಂಚುವ ಅನಿಸಿಕೆಯ ಫಾರಂ ಅಳೆಯುವುದು ಇದನ್ನೇ. ನಂಟು ಬೆಸೆದಿದೆ, ದಣಿವಿನ ಹೆಮ್ಮೆಯಿದೆ, ಹೊರಗೆ ಗ್ರೂಪ್ ಫೋಟೊಗೆ ಕರೆಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ‘ಅತ್ಯುತ್ತಮ’ ಎಂಬುದರ ಎದುರಿಗೆ ಗುರುತು ಹಾಕದವರು ಯಾರು? ತರಬೇತಿಯ ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮೆಟ್ಟಿಲು ಹೇಳಿದ್ದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ನಡೆ ಬದಲಾಯಿತೇ, ಅದರಿಂದ ಫಲ ಬಂತೇ. ಬಹುತೇಕ ಸಂಘಟಕರು ಮೊದಲ ಮೆಟ್ಟಿಲಲ್ಲೇ ಕೂತು ಪ್ರಮಾಣಪತ್ರ ಹಂಚುತ್ತಾರೆ.

ಮೂರನೇ ಮೆಟ್ಟಿಲು ಹತ್ತಿ ನೋಡಿದವರು ಎಡ್ವಿನ್ ಫ್ಲೈಶ್‌ಮನ್. ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ ಮೇಸ್ತ್ರಿಗಳಿಗೆ, ಕೂಲಿಗಳೊಂದಿಗೆ ಮನುಷ್ಯರಂತೆ ನಡೆದುಕೊಳ್ಳುವುದು ಹೇಗೆಂಬ ತರಬೇತಿ ಕೊಡಿಸುತ್ತಿತ್ತು. ಕೊನೆಯ ದಿನ ಪರೀಕ್ಷಿಸಿದರೆ ಮನೋಭಾವ ಮೃದುವಾಗಿತ್ತು. ಕಾರ್ಖಾನೆಗೆ ಮರಳಿದ ಮೇಲೆ ನೋಡಿದರೆ ಮೇಸ್ತ್ರಿಯ ನಡವಳಿಕೆ ಅವನ ಮೇಲಿನ ಸಾಹೇಬನ ನಡವಳಿಕೆಯ ಹಾಗೆಯೇ ಇತ್ತು, ತರಬೇತಿಯ ಗುರುತು ಅದರಲ್ಲಿ ಕಾಣಲಿಲ್ಲ. 1953ರಲ್ಲಿ ಬಂದ ಈ ವರದಿಯನ್ನು ಬೆಥೆಲ್‌ನವರ ದ್ವೀಪದ ಪಕ್ಕದಲ್ಲಿಟ್ಟು ಓದಬೇಕು. ದ್ವೀಪದಲ್ಲಿ ಕಲಿತದ್ದನ್ನು ದೋಣಿ ಹತ್ತಿಸಿಕೊಂಡು ತರುವುದು ಸುಲಭವಲ್ಲ.

ಆ ದ್ವೀಪಗಳಲ್ಲಿ ಅಪಾಯವೂ ಇತ್ತು. 1960ರ ದಶಕದ ಕೊನೆಗೆ ಬೆಥೆಲ್‌ನ ಪದ್ಧತಿ ಕ್ಯಾಲಿಫೋರ್ನಿಯಾ ಮುಟ್ಟುವ ಹೊತ್ತಿಗೆ ಅಳಿಸುವುದು, ಕೂಗಾಡಿಸುವುದು, ಮುಖವಾಡ ಕೀಳುವುದು ಎಲ್ಲವೂ ಸೇರಿಕೊಂಡಿದ್ದವು. ಲೀಬರ್‌ಮನ್, ಯಾಲಂ ಮತ್ತು ಮೈಲ್ಸ್ ಸ್ಟ್ಯಾನ್‌ಫರ್ಡ್‌ನ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಇಂಥ ಗುಂಪುಗಳಲ್ಲಿ ಕೂರಿಸಿ, ತಿಂಗಳುಗಳ ಬಳಿಕವೂ ವಿಚಾರಿಸಿ, 1973ರಲ್ಲಿ ಪುಸ್ತಕ ತಂದರು. ಸುಮಾರು ಮೂರನೇ ಒಂದು ಭಾಗದವರಿಗೆ ಪ್ರಯೋಜನವಾಗಿತ್ತು. ನೂರಕ್ಕೆ ಏಳೆಂಟು ಜನರ ಮನಸ್ಸಿಗೆ ಬಹುಕಾಲ ಮಾಯದ ಪೆಟ್ಟು ಬಿದ್ದಿತ್ತು. ಹೆಚ್ಚು ಪೆಟ್ಟು ಬಿದ್ದದ್ದು, ಮಾತಿನ ಮೋಡಿಯಿದ್ದು ಒತ್ತಡ ಹಾಕಿ ಒಳಗಿನದನ್ನು ಕಕ್ಕಿಸುವ ನಾಯಕರ ಗುಂಪುಗಳಲ್ಲಿ. ಮೂರು ದಿನದಲ್ಲಿ ಬದುಕು ಬದಲಿಸುತ್ತೇವೆಂದು ಹೋಟೆಲುಗಳಲ್ಲಿ ನಡೆಯುವ ದುಬಾರಿ ಶಿಬಿರಗಳಿಗೆ ಹಣ ಕಟ್ಟುವ ಮುನ್ನ ಈ ಅಂಕಿ ನೆನಪಿದ್ದರೆ ಒಳ್ಳೆಯದು.

ಎರಡು ಗಡಿಯಾರಗಳನ್ನೂ ಒಟ್ಟಿಗೆ ನಡೆಸಿದವರಿಲ್ಲವೇ? ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳು ಇದ್ದು ಕನ್ನಡವನ್ನೋ ತಮಿಳನ್ನೋ ಕಲಿಯುತ್ತಾರೆ. ಅಪರಿಚಿತರ ಬಳಗವೂ ಹೌದು, ಬೀದಿಯಲ್ಲಿ ದಿನವೂ ಮರುಪರೀಕ್ಷೆಯೂ ಹೌದು. ಆದರೆ ಹತ್ತು ತಿಂಗಳ ರಜೆ ಎಲ್ಲರಿಗೂ ಸಿಗುವುದಿಲ್ಲ.

ಇನ್ನೊಂದು ದಾರಿ ಇಂಡೊನೇಷ್ಯಾದ ಗದ್ದೆಗಳಲ್ಲಿ ಹುಟ್ಟಿತು. ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ. ವಿಷ ಹೊಡೆದಷ್ಟೂ ಹುಳುವನ್ನು ತಿನ್ನುವ ಜೇಡಗಳು ಸತ್ತು ಕಾಟ ಹೆಚ್ಚುತ್ತಿತ್ತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಬಳಸುವ 57 ಕೀಟನಾಶಕಗಳನ್ನು ನಿಷೇಧಿಸಿತು. ಆದರೆ ರೈತರಿಗೆ ಜೇಡದ ಮಹತ್ವ ತಿಳಿಸುವುದು ಹೇಗೆ? ಭಾಷಣ ಸಾಲದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಲ್ಲಿ 1989ರ ಹೊತ್ತಿಗೆ ರೈತ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಇಪ್ಪತ್ತೈದರಷ್ಟು ರೈತರು, ವಾರಕ್ಕೊಂದು ಬೆಳಗ್ಗೆ, ನಾಟಿಯಿಂದ ಕೊಯ್ಲಿನವರೆಗೆ. ಐದೈದು ಜನ ಗದ್ದೆಗಿಳಿದು ಬುಡ ಬುಡ ನೋಡಿ ಹುಳು ಎಣಿಸುತ್ತಾರೆ, ಜೇಡ ಎಣಿಸುತ್ತಾರೆ. ದೊಡ್ಡ ಹಾಳೆಯ ಮೇಲೆ ಪೈರು ಬಿಡಿಸಿ ಒಂದು ಬದಿಗೆ ಶತ್ರು, ಇನ್ನೊಂದು ಬದಿಗೆ ಮಿತ್ರ. ವಿಷ ಬೇಕೇ ಬೇಡವೇ ಎಂದು ಉಳಿದವರ ಮುಂದೆ ವಾದಿಸಬೇಕು. ನಡುನಡುವೆ ಗುಂಪಿನ ಆಟಗಳು, ಅವೇ ಬೆಥೆಲ್‌ನ ಗೋತ್ರದವು. ವಾರದ ಬಿಡುವಿನಲ್ಲಿ ಮರೆವು, ಮುಂದಿನ ವಾರ ಅದೇ ಕೆಸರಿನಲ್ಲಿ ಮರುಪರೀಕ್ಷೆ. ಈ ಪದ್ಧತಿ ಮುಂದೆ ಏಷ್ಯಾ, ಆಫ್ರಿಕಾಗಳಿಗೆ ಹರಡಿತು, ಕರ್ನಾಟಕಕ್ಕೂ ಬಂತು.

ಇದೂ ಪವಾಡವಾಗಲಿಲ್ಲ. ಗೆರ್ಶಾನ್ ಫೆಡರ್ ಮತ್ತು ಸಂಗಡಿಗರು ಇಂಡೊನೇಷ್ಯಾದ ಹಳ್ಳಿಗಳ ಅಂಕಿಅಂಶಗಳನ್ನು ತೂಗಿ 2004ರಲ್ಲಿ ಬರೆದ ಲೇಖನಗಳ ಪ್ರಕಾರ, ಪಾಠಶಾಲೆಗೆ ಹೋದವರ ತಿಳಿವಳಿಕೆ ಒಂದಿಷ್ಟು ಹೆಚ್ಚಿತ್ತು, ಇಳುವರಿಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಅದೇ ಊರಿನ, ಪಾಠಶಾಲೆಗೆ ಹೋಗದ ರೈತರಿಗೆ ಆ ತಿಳಿವಳಿಕೆ ಹೆಚ್ಚೇನೂ ಹರಿದಿರಲಿಲ್ಲ. ದಿನಬೆಳಗಾದರೆ ಮುಖ ನೋಡುವ ನೆರೆಯವರು, ಚಹಾ ಅಂಗಡಿಯಲ್ಲಿ ಎಲ್ಲವನ್ನೂ ಮಾತಾಡುವವರು, ಆದರೆ ಜೇಡದ ವಿಷಯ ಬದು ದಾಟಲಿಲ್ಲ. ಗೊಬ್ಬರದ ಬೆಲೆಯಂತೆ ಒಂದು ಮಾತಿನಲ್ಲಿ ಹೇಳಿ ಮುಗಿಸುವ ಸುದ್ದಿಯಾಗಿದ್ದರೆ ಅದು ದಾಟುತ್ತಿತ್ತೇನೋ. ಕಲಿತವರ ಬಳಿ ಇದ್ದದ್ದು ಹಲವು ವಾರ ಒಟ್ಟಿಗೆ ಬಗ್ಗಿ ನೋಡಿ, ಜಗಳವಾಡಿ ಒಪ್ಪಿಕೊಂಡ ತೀರ್ಮಾನ. ಅದನ್ನು ಹೇಳುವುದಕ್ಕಿಂತ ಮತ್ತೊಮ್ಮೆ ಮಾಡಿಸುವುದೇ ಸುಲಭ. ಕಾರ್ಯಕ್ರಮ ನಡೆಸುತ್ತಿದ್ದವರು 1990ರ ದಶಕದಲ್ಲೇ ಆ ದಾರಿಯನ್ನೂ ಹಿಡಿದಿದ್ದರು. ಕಲಿತ ರೈತರಲ್ಲಿ ಚುರುಕಾದವರನ್ನು ಆರಿಸಿ ತರಬೇತುದಾರರಾಗಿ ಮಾಡಿ, ಅವರಿಂದಲೇ ಹೊಸ ಪಾಠಶಾಲೆ ತೆರೆಸುತ್ತಿದ್ದರು. ಮತ್ತೆ ಇಪ್ಪತ್ತೈದು ಜನ, ಮತ್ತೆ ಮೊದಲ ವಾರದಿಂದ ಹುಳು ಎಣಿಸುವ ಕೆಲಸ.